ಆಟದ ವಿಮಾನ, ನಿಜದ ವಿಮಾನ



ಭಾನುವಾರದ ಬೆಳಗಿನ ಹೊತ್ತು, ಗಾಳಿ ಇನ್ನೂ ಏಳದಿರುವಾಗ, ಊರ ಹೊರಗಿನ ಮೈದಾನದ ಕಡೆಗೆ ತಿರುಗಾಡಲು ಹೋಗುವ ಅಭ್ಯಾಸ ನಮಗುಂಟು. ಅಲ್ಲಿ ಆರೆಂಟು ಮಂದಿ ಸೇರಿರುತ್ತಾರೆ. ಅವರಲ್ಲಿ ಶಾಲೆಯ ಹುಡುಗರಿದ್ದಾರೆ. ನಮ್ಮಲ್ಲಿ ಓದುವ ವಿದ್ಯಾರ್ಥಿಗಳಿದ್ದಾರೆ. ವಿಶ್ರಾಂತಿವೇತನ ಪಡೆಯುವ ಒಬ್ಬಿಬ್ಬರು ಹಿರಿಯರೂ ಇದ್ದಾರೆ. ಒಬ್ಬೊಬ್ಬರ ಕೈಯಲ್ಲಿಯೂ ಹಗುರವಾದ ಮರ, ಬಿದಿರಿನ ಕಡ್ಡಿ, ತೆಳುಕಾಗದಗಳಿಂದ ಮಾಡಿದ ಒಂದೊಂದು ಪುಟ್ಟ ವಿಮಾನ. ಮೂತಿಯಲ್ಲಿ ಪಂಖ, ಹೊಟ್ಟೆಯಲ್ಲಿ ಹುರಿಮಾಡಿದ ರಬ್ಬರು. ಬೆರಳಿನಿಂದ ಪಂಖವನ್ನು ನೂರಾರು ಸುತ್ತು ತಿರುಗಿಸಿ, ಗಾಳಿಯ ದಿಕ್ಕನ್ನು ನೋಡಿ, ಮೆಲ್ಲಗೆ ಕೈಬಿಡುತ್ತಾರೆ. ವಿಮಾನ ಇಪ್ಪತ್ತು ಸೆಕೆಂಡು ಹಾರಿದರೆ ಸಂತೋಷ. ಒಂದು ನಿಮಿಷ ಹಾರಿದರೆ ಹಬ್ಬ. ಹಾರಿದ ಹೊತ್ತಿಗಿಂತ ಅದರ ವಿಷಯವಾಗಿ ಆಡುವ ಮಾತಿನ ಹೊತ್ತೇ ಹೆಚ್ಚು. ರೆಕ್ಕೆ ಎಷ್ಟು ಬಾಗಿರಬೇಕು, ಬಾಲ ಎಷ್ಟು ತಗ್ಗಿರಬೇಕು, ಯಾವ ಅಂಟು ಹಗುರ, ಯಾವ ದೇಶದ ಯಾವ ವಿಮಾನದ ರೂಪ ಚೆಲುವು, ಹೀಗೆ ಬಿಸಿಲೇರುವ ತನಕ ಚರ್ಚೆ ನಡೆಯುತ್ತದೆ.

ಒಂದು ದಿನ ಅವರಲ್ಲೊಬ್ಬ ಹುಡುಗನ ತಾತನವರು ಅವನನ್ನು ಹುಡುಕಿಕೊಂಡು ಬಂದರು. ನಮ್ಮನ್ನು ಕಂಡು, “ಏನು ಸ್ವಾಮಿ, ಓದಿದವರು, ನಾಲ್ಕು ಜನಕ್ಕೆ ಪಾಠ ಹೇಳುವವರು, ನೀವೂ ಇವರ ಜೊತೆ ನಿಂತುಬಿಟ್ಟಿರಲ್ಲ! ಪರೀಕ್ಷೆ ಹತ್ತಿರಕ್ಕೆ ಬಂತು. ಈ ಆಟದಿಂದ ಯಾರಿಗೆ ಏನಾಗಬೇಕು?” ಎಂದು ಕೇಳಿದರು. ಹುಡುಗನ ಮುಖ ಬಾಡಿತು. ಆ ದಿನ ಅವನು ಸಂತೋಷವಾಗಿರಲೂ ಇಲ್ಲ. ಚೆನ್ನಾಗಿ ಹಾರುತ್ತಿದ್ದ ತನ್ನ ವಿಮಾನದ ಅಳತೆಗಳನ್ನೆಲ್ಲ ಇಮ್ಮಡಿ ಮಾಡಿ ಅವನು ಹೊಸದೊಂದನ್ನು ಕಟ್ಟಿ ತಂದಿದ್ದನು. ಅದು ನಾಲ್ಕು ಮಾರು ಹೋಗಿ ಮೂತಿಯಡಿಯಾಗಿ ನೆಲಕ್ಕೆ ಬಿದ್ದಿತ್ತು. ತಾತನವರ ಪ್ರಶ್ನೆಗೆ ನಾವು ಆಗ ತಕ್ಕ ಉತ್ತರ ಕೊಡಲಿಲ್ಲ. ಇಂದು ಕೊಡಲು ಪ್ರಯತ್ನಿಸುತ್ತೇವೆ. ಈ ಉತ್ತರದ ಒಳಗೇ ಆ ಹುಡುಗನ ದೊಡ್ಡ ವಿಮಾನ ಏಕೆ ಬಿದ್ದಿತೆಂಬುದರ ವಿವರವೂ ಅಡಗಿದೆ.

ಹಾರಬೇಕೆಂಬ ಆಸೆ ಮನುಷ್ಯನಿಗೆ ಹೊಸದಲ್ಲ. ರಾಮಾಯಣದ ಪುಷ್ಪಕವನ್ನು ಅರಿಯದ ಮಗು ನಮ್ಮ ನಾಡಿನಲ್ಲಿಲ್ಲ. ಗ್ರೀಕರ ಪುರಾಣದಲ್ಲಿ ಡೀಡಲಸನು ಗರಿಗಳನ್ನು ಮೇಣದಿಂದ ಅಂಟಿಸಿ ತನಗೂ ತನ್ನ ಮಗನಿಗೂ ರೆಕ್ಕೆ ಕಟ್ಟಿದನು. ಆದರೆ ಕವಿಯನ್ನು ಯಾರೂ ಲೆಕ್ಕ ಕೇಳುವುದಿಲ್ಲ. ಪುಷ್ಪಕದ ತೂಕವೆಷ್ಟು, ರೆಕ್ಕೆಯ ಹರವೆಷ್ಟು ಎಂದು ಕೇಳುವುದು ರಸಿಕತೆಯೂ ಅಲ್ಲ. ಲೆಕ್ಕವಿಲ್ಲದೆ ಕೇವಲ ಆಸೆಯಿಂದ ಗೋಪುರಗಳ ಮೇಲಿಂದ ಧುಮುಕಿದವರು ಯೂರೋಪಿನಲ್ಲಿ ಹಲವರಿದ್ದರು. ಕೈಕಾಲು ಮುರಿದುಕೊಂಡುದೇ ಅವರಿಗೆ ಬಂದ ಫಲ. ೧೭೮೩ರಲ್ಲಿ ಫ್ರಾನ್ಸಿನ ಮಾಂಗೋಲ್ಫಿಯೆ ಸಹೋದರರು ಬಿಸಿಗಾಳಿಯ ಬುಟ್ಟೆಯನ್ನು ಮೇಲಕ್ಕೆ ಬಿಟ್ಟುದು ನಿಜ. ಆದರೆ ಆ ಬೆಲೂನು ಗಾಳಿಗಿಂತ ಹಗುರವಾದುದರಿಂದ ನೀರಿನಲ್ಲಿ ಬೆಂಡು ತೇಲುವಂತೆ ತೇಲಿತೇ ಹೊರತು ಹಕ್ಕಿಯಂತೆ ಹಾರಲಿಲ್ಲ. ಹಕ್ಕಿ ಗಾಳಿಗಿಂತ ಭಾರ. ಭಾರವಾದ ವಸ್ತು ಗಾಳಿಯಲ್ಲಿ ಹೇಗೆ ನಿಲ್ಲುವುದೆಂಬುದನ್ನು ತಿಳಿಯಲು, ನೂರು ಸಲ ಬಿದ್ದರೂ ಪ್ರಾಣ ಕಳೆದುಕೊಳ್ಳದ, ಬಡವನ ಕೈಗೂ ಎಟಕುವ ಒಬ್ಬ ಗುರು ಬೇಕಾಗಿದ್ದನು. ಆ ಗುರುವೇ ಆಟದ ಬೊಂಬೆ.

೧೭೮೪ರಲ್ಲಿ ಲೋನ್ವಾ ಮತ್ತು ಬಿಯಾನ್‌ವೆನು ಎಂಬ ಇಬ್ಬರು ಫ್ರೆಂಚರು ಪ್ಯಾರಿಸ್ಸಿನ ವಿಜ್ಞಾನ ಪರಿಷತ್ತಿಗೆ ಒಂದು ಸಣ್ಣ ಆಟಿಕೆಯನ್ನು ತೋರಿಸಿದರು. ಒಂದು ಕಡ್ಡಿಯ ಎರಡು ತುದಿಗಳಲ್ಲಿಯೂ ಹಕ್ಕಿಯ ಗರಿಗಳಿಂದ ಮಾಡಿದ ಒಂದೊಂದು ಪಂಖ; ನಡುವೆ ಬಿಲ್ಲು ಮತ್ತು ದಾರ. ಬಿಲ್ಲು ಬಿಗಿತ ಕಳೆದುಕೊಳ್ಳುತ್ತ ದಾರವನ್ನು ಎಳೆದಾಗ ಎರಡು ಪಂಖಗಳೂ ಒಂದಕ್ಕೊಂದು ವಿರುದ್ಧವಾಗಿ ತಿರುಗಿ ಕಡ್ಡಿ ಸೂರಿನ ಕಡೆಗೆ ಏರುವುದು. ಇಂಗ್ಲೆಂಡಿನ ಯಾರ್ಕ್‌ಷೈರಿನ ಜಮೀನ್ದಾರ ಮನೆತನದ ತರುಣನಾದ ಜಾರ್ಜ್ ಕೇಲಿಯು ೧೭೯೬ರಲ್ಲಿ ಬೆಂಡು ಮತ್ತು ಗರಿಗಳಿಂದ ಇಂಥದೇ ಒಂದನ್ನು ತಾನೂ ಮಾಡಿಕೊಂಡನು. ಬೇರೆಯವರಿಗೆ ಅದು ಸಂಜೆಯ ವಿನೋದವಾಗಿ ಮುಗಿದು ಹೋಗುತ್ತಿತ್ತು. ಕೇಲಿಗೆ ಅದು ಒಂದು ಜೀವಮಾನದ ಚಿಂತನೆಗೆ ಮೊದಲಾಯಿತು.

ಅಂದಿನವರೆಗೆ ಹಾರಲು ಯತ್ನಿಸಿದವರೆಲ್ಲ ಹಕ್ಕಿಯಂತೆ ರೆಕ್ಕೆ ಬಡಿಯಬೇಕೆಂದು ನಂಬಿದ್ದರು. ಹಕ್ಕಿಯ ರೆಕ್ಕೆ ಏಕಕಾಲದಲ್ಲಿ ಎರಡು ಕೆಲಸ ಮಾಡುತ್ತದೆ: ಮೇಲಕ್ಕೆತ್ತುವುದು ಒಂದು, ಮುಂದಕ್ಕೆ ನೂಕುವುದು ಇನ್ನೊಂದು. ಈ ಎರಡನ್ನೂ ಬೇರೆ ಬೇರೆ ಅಂಗಗಳಿಗೆ ಹಂಚಬೇಕು, ಎತ್ತಲು ಅಲುಗದ ರೆಕ್ಕೆ, ನೂಕಲು ಬೇರೊಂದು ಯಂತ್ರ, ತಿರುಗಲು ಬಾಲ ಎಂಬುದು ಕೇಲಿಗೆ ಹೊಳೆಯಿತು. ೧೭೯೯ರಲ್ಲಿ ಅವನು ಈ ಭಾವನೆಯನ್ನು ಒಂದು ಪುಟ್ಟ ಬೆಳ್ಳಿಯ ಬಿಲ್ಲೆಯ ಮೇಲೆ ಕೊರೆದಿಟ್ಟನು. ಇಂದಿನ ವಿಮಾನದ ಬೀಜ ಆ ಬಿಲ್ಲೆಯಲ್ಲಿದೆ. ೧೮೦೪ರಲ್ಲಿ ಒಂದು ಕೋಲಿಗೆ ಗಾಳಿಪಟವನ್ನೇ ರೆಕ್ಕೆಯಾಗಿ ಕಟ್ಟಿ, ಹಿಂದೆ ಅತ್ತಿತ್ತ ತಿರುಗಿಸಬಹುದಾದ ಬಾಲವನ್ನಿಟ್ಟು, ಸುಮಾರು ಐದಡಿ ಉದ್ದದ ಮಾದರಿಯೊಂದನ್ನು ಗುಡ್ಡದ ಮೇಲಿಂದ ಹಾರಿಬಿಟ್ಟನು. ಗಾಳಿಪಟವನ್ನು ಎಷ್ಟು ಲಕ್ಷ ಮಕ್ಕಳು ಆಡಿಸಿಲ್ಲ! ದಾರವನ್ನು ಕಳಚಿ ಬಾಲವನ್ನು ಕಟ್ಟಿ, ಅದು ಎಲ್ಲಿಗೆ ಹೋಗುವುದೆಂದು ಅಳೆದು ಬರೆದಿಟ್ಟವನು ಕೇಲಿ. ೧೮೦೯–೧೦ರಲ್ಲಿ ಅವನು ಪ್ರಕಟಿಸಿದ ಲೇಖನಗಳೇ ವಿಮಾನಶಾಸ್ತ್ರದ ಮೊದಲ ಪಾಠಗಳು.

ಕೇಲಿಯು ಎಂಬತ್ತರ ಹೊಸ್ತಿಲಲ್ಲಿದ್ದಾಗ, ೧೮೫೩ರಲ್ಲಿ, ಮನುಷ್ಯನನ್ನು ಹೊರಬಲ್ಲ ಗ್ಲೈಡರೊಂದನ್ನು, ಎಂದರೆ ಎಂಜಿನ್ನಿಲ್ಲದೆ ಗಾಳಿಯ ಮೇಲೆ ಜಾರುವ ಯಂತ್ರವೊಂದನ್ನು ಕಟ್ಟಿಸಿ, ಅದರಲ್ಲಿ ತನ್ನ ಸಾರೋಟಿನವನನ್ನು ಕೂರಿಸಿ ಕಣಿವೆಯ ಮೇಲೆ ಹಾರಿಸಿದನಂತೆ. ಇಳಿದ ಕೂಡಲೇ ಸಾರೋಟಿನವನು, ತನ್ನನ್ನು ಗಾಡಿ ಹೊಡೆಯಲು ಇಟ್ಟುಕೊಂಡದ್ದೇ ಹೊರತು ಹಾರಲು ಅಲ್ಲವೆಂದು ಹೇಳಿ ಕೆಲಸ ಬಿಡಲು ಹೊರಟನೆಂದು ಆ ಮನೆತನದಲ್ಲಿ ಕಥೆಯೊಂದು ಉಳಿದುಬಂದಿದೆ.

ಕೇಲಿಯ ದಾರಿಯಲ್ಲಿ ಮುಂದೆ ನಡೆದವರಿಗೆ ಆತುರ ಹೆಚ್ಚಾಯಿತು. ವಿಲಿಯಂ ಹೆನ್ಸನ್ನನು ನೂರೈವತ್ತು ಅಡಿ ರೆಕ್ಕೆಯ ಹಬೆಯಂತ್ರದ ವಿಮಾನವೊಂದನ್ನು ಕಾಗದದ ಮೇಲೆ ರಚಿಸಿ, ೧೮೪೩ರಲ್ಲಿ ಅದಕ್ಕೆ ಪೇಟೆಂಟನ್ನೂ ಪಡೆದನು. ವಿಮಾನ ಇನ್ನೂ ಹುಟ್ಟಿರಲಿಲ್ಲ. ಅದು ಈಜಿಪ್ಟಿನ ಪಿರಮಿಡ್ಡುಗಳ ಮೇಲೆ ಹಾರುತ್ತಿರುವ ಚಿತ್ರಗಳು ಮಾತ್ರ ಅಚ್ಚಾಗಿ ಊರೂರಿಗೆ ಹೋದವು. ಜನ ನಕ್ಕರು. ಇಪ್ಪತ್ತು ಅಡಿಯ ಮಾದರಿಯೊಂದನ್ನು ೧೮೪೭ರಲ್ಲಿ ಪರೀಕ್ಷಿಸಿದಾಗ ಅದು ಹಾರಲಿಲ್ಲ. ಹೆನ್ಸನ್ನನು ಮನನೊಂದು ಅಮೆರಿಕಕ್ಕೆ ವಲಸೆ ಹೋದನು. ಅವನ ಜೊತೆಗಾರನಾದ ಜಾನ್ ಸ್ಟ್ರಿಂಗ್‌ಫೆಲೋ ಮಾತ್ರ ಹಟ ಬಿಡದೆ, ೧೮೪೮ರಲ್ಲಿ ಚಾರ್ಡ್ ಎಂಬ ಊರಿನ ಕಾರ್ಖಾನೆಯೊಂದರ ಕಟ್ಟಡದೊಳಗೆ, ಹತ್ತು ಅಡಿಯ ಮಾದರಿಯನ್ನು ತಂತಿಯ ಮೇಲೆ ಓಡಿಸಿ ಬಿಟ್ಟನು. ಅದು ನಿಜವಾಗಿ ಹಾರಿತೋ ಜಾರಿತೋ ಎಂಬ ವಾದ ಚರಿತ್ರಕಾರರಲ್ಲಿ ಇಂದಿಗೂ ಮುಗಿದಿಲ್ಲ.

ಇನ್ನು ಈ ಕಥೆಯ ಕರುಣಾಜನಕ ಭಾಗಕ್ಕೆ ಬರುತ್ತೇವೆ. ಅಲ್ಫಾನ್ಸ್ ಪೆನೊ ೧೮೫೦ರಲ್ಲಿ ಪ್ಯಾರಿಸ್ಸಿನಲ್ಲಿ ಹುಟ್ಟಿದನು. ತಂದೆ ನೌಕಾಸೈನ್ಯದ ಅಧಿಕಾರಿ. ಮಗನಿಗೂ ಅದೇ ವೃತ್ತಿಯ ಆಸೆ. ಆದರೆ ಸೊಂಟದ ರೋಗದಿಂದ ನಡೆಯುವುದೇ ಅವನಿಗೆ ಕಷ್ಟವಾಗಿತ್ತು. ನೆಲದ ಮೇಲೆ ಸರಾಗವಾಗಿ ನಡೆಯಲಾರದವನ ಮನಸ್ಸು ಆಕಾಶದ ಕಡೆಗೆ ತಿರುಗಿತು. ಅಂದಿನವರೆಗೆ ಮಾದರಿಗಳಿಗೆ ಬಿಲ್ಲು, ಸ್ಪ್ರಿಂಗು, ಹಬೆಯಂತ್ರಗಳೇ ಶಕ್ತಿ. ಪೆನೊ ರಬ್ಬರಿನ ಎಳೆಯನ್ನು ಹುರಿಮಾಡಿ ಅದರಲ್ಲಿ ಶಕ್ತಿಯನ್ನು ತುಂಬಿಡುವ ಸುಲಭೋಪಾಯವನ್ನು ಕಂಡುಹಿಡಿದನು. ೧೮೭೧ರ ಆಗಸ್ಟ್ ೧೮ರಂದು ಪ್ಯಾರಿಸ್ಸಿನ ತ್ವಿಲರೀ ಉದ್ಯಾನದಲ್ಲಿ, ಪಂಡಿತರು ನೆರೆದಿದ್ದ ಒಂದು ಕೂಟದ ಎದುರಿಗೆ, ಒಂದೂವರೆ ಅಡಿ ರೆಕ್ಕೆಯ, ಹದಿನಾರು ಗ್ರಾಂ ಮಾತ್ರ ತೂಗುವ ತನ್ನ ಮಾದರಿಯನ್ನು ಕೈಬಿಟ್ಟನು. ಅದು ಹನ್ನೊಂದು ಸೆಕೆಂಡುಗಳಲ್ಲಿ ನೂರ ಮೂವತ್ತೊಂದು ಅಡಿ ಹಾರಿತು.

ಇದರಲ್ಲಿ ದೂರಕ್ಕಿಂತ ಮುಖ್ಯವಾದುದು ಬೇರೊಂದಿದೆ. ಆ ಮಾದರಿ ಕುಡಿದವನಂತೆ ತೂರಾಡಲಿಲ್ಲ. ರೆಕ್ಕೆಯ ತುದಿಗಳು ಸ್ವಲ್ಪ ಮೇಲಕ್ಕೆ ಬಾಗಿದ್ದವು. ಹಿಂದಿನ ಸಣ್ಣ ರೆಕ್ಕೆ ಮುಂದಿನದಕ್ಕಿಂತ ಸ್ವಲ್ಪ ತಗ್ಗಿದ ಕೋನದಲ್ಲಿತ್ತು. ಮೂತಿ ಬಗ್ಗಿದರೆ ಬಾಲವೇ ಅದನ್ನು ಎತ್ತುವುದು. ಎದ್ದರೆ ಬಾಲವೇ ಇಳಿಸುವುದು. ಯಾರ ಕೈಯೂ ಇಲ್ಲದೆ ತನ್ನ ಸಮತೋಲವನ್ನು ತಾನೇ ಕಾಯ್ದುಕೊಳ್ಳುವ ವಿಮಾನವನ್ನು ಲೋಕದ ವಿದ್ವಾಂಸರು ಕಂಡದ್ದು ಅಂದು. ನಮ್ಮ ಮೈದಾನದ ಹುಡುಗರು ಬಾಲವನ್ನು ಕೂದಲೆಳೆಯಷ್ಟು ತಗ್ಗಿಸಬೇಕೆಂದು ವಾದಿಸುವಾಗ ಅವರಿಗೆ ತಿಳಿಯದಂತೆಯೇ ಪೆನೊವಿನ ಶಿಷ್ಯರಾಗಿರುತ್ತಾರೆ.

೧೮೭೬ರಲ್ಲಿ ಪೆನೊ, ಪಾಲ್ ಗೋಷೋ ಎಂಬ ಜೊತೆಗಾರನೊಡನೆ, ಇಬ್ಬರು ಕೂರಬಹುದಾದ ದೊಡ್ಡ ವಿಮಾನವೊಂದಕ್ಕೆ ಪೇಟೆಂಟು ಪಡೆದನು. ಹಾರುವಾಗ ಒಳಕ್ಕೆ ಮಡಚಿಕೊಳ್ಳುವ ಚಕ್ರ, ಕುಳಿತವರಿಗೆ ಗಾಜಿನ ಮರೆ, ನಡೆಸಲು ಒಂದೇ ಹಿಡಿಕೋಲು, ಇವೆಲ್ಲ ಅದರಲ್ಲಿದ್ದವು. ಅರುವತ್ತು ವರ್ಷ ಮುಂದಿನ ವಿಮಾನ ಅದು. ಕಟ್ಟಲು ಹಣ ಕೊಡುವವರು ಯಾರೂ ಸಿಕ್ಕಲಿಲ್ಲ. ಹಾಸ್ಯಮಾಡುವವರು ಸಿಕ್ಕಿದರು. ರೋಗ ಹೆಚ್ಚಿತು. ತನ್ನ ನಕ್ಷೆಗಳನ್ನೆಲ್ಲ ಒಂದು ಪುಟ್ಟ ಶವಪೆಟ್ಟಿಗೆಯಲ್ಲಿಟ್ಟು, ತಾನು ನೆರವು ಬೇಡಿದ್ದ ಹಿರಿಯ ಎಂಜಿನಿಯರನ ಮನೆಗೆ ಕೊಟ್ಟುಬಂದು, ೧೮೮೦ರ ಅಕ್ಟೋಬರಿನಲ್ಲಿ ಪೆನೊ ತನ್ನ ಪ್ರಾಣವನ್ನು ತಾನೇ ಕಳೆದುಕೊಂಡನು. ಆಗ ಅವನಿಗೆ ಮೂವತ್ತು ವರ್ಷ. “ಈ ಆಟದಿಂದ ಯಾರಿಗೆ ಏನಾಗಬೇಕು?” ಎಂಬ ಮಾತನ್ನು ಅವನೂ ಎಷ್ಟೋ ಸಲ ಕೇಳಿರಬೇಕು.

ಆದರೆ ಅಷ್ಟರಲ್ಲಿ ಅವನ ಆಟಿಕೆ ಸಮುದ್ರವನ್ನು ದಾಟಿತ್ತು. ೧೮೭೮ರಲ್ಲಿ ಅಮೆರಿಕದ ಅಯೋವಾ ಪ್ರಾಂತದ ಸೀಡರ್ ರ‍್ಯಾಪಿಡ್ಸ್ ಎಂಬ ಊರಿನಲ್ಲಿ, ಮಿಲ್ಟನ್ ರೈಟ್ ಎಂಬ ಪಾದ್ರಿಯವರು ಪ್ರವಾಸದಿಂದ ಮನೆಗೆ ಬರುವಾಗ ಮಕ್ಕಳಿಗಾಗಿ ಒಂದು ಸಣ್ಣ ವಸ್ತುವನ್ನು ತಂದು, ಏನೆಂದು ಹೇಳದೆ ಕೋಣೆಯೊಳಕ್ಕೆ ಬಿಟ್ಟರು. ಬಿದಿರು, ಬೆಂಡು, ಕಾಗದಗಳಿಂದ ಮಾಡಿ ರಬ್ಬರಿನಿಂದ ತಿರುಗುವಂತೆ ರಚಿಸಿದ್ದ ಪೆನೊವಿನ ಹೆಲಿಕಾಪ್ಟರಿನ ಮಾದರಿಯದು. ಅದು ನೆಲಕ್ಕೆ ಬೀಳದೆ ಸೂರಿಗೆ ತಾಗಿ, ಅಲ್ಲಿ ಸ್ವಲ್ಪ ಹೊತ್ತು ಪಟಪಟಗುಟ್ಟಿ ಇಳಿಯಿತು. ವಿಲ್ಬರನಿಗೆ ಆಗ ಹನ್ನೊಂದು ವರ್ಷ, ಆರ್ವಿಲನಿಗೆ ಏಳು. ಮಕ್ಕಳು ಅದಕ್ಕೆ ಬಾವಲಿಯೆಂದು ಹೆಸರಿಟ್ಟರು. ಕೆಲವೇ ದಿನಗಳಲ್ಲಿ ಅದು ಮುರಿಯಿತು. ಮುರಿದುದಕ್ಕೆ ಅಳುತ್ತ ಕೂರದೆ ಅವರು ತಾವೇ ಅಂಥವುಗಳನ್ನು ಮಾಡತೊಡಗಿದರು. ಒಂದಕ್ಕಿಂತ ಒಂದನ್ನು ದೊಡ್ಡದಾಗಿಯೇ ಮಾಡಿದರು. ಆಗ ಅವರಿಗೊಂದು ಆಶ್ಚರ್ಯ ಕಾದಿತ್ತು. ಬಾವಲಿ ದೊಡ್ಡದಾದಂತೆಲ್ಲ ಅದರ ಹಾರಾಟ ಕಡಿಮೆಯಾಯಿತು. ಅಳತೆಯಲ್ಲಿ ಇಮ್ಮಡಿಯಾದ ಯಂತ್ರಕ್ಕೆ ಎಂಟು ಮಡಿ ಶಕ್ತಿ ಬೇಕಾಗುವುದೆಂಬುದು ಆಗ ತಮಗೆ ತಿಳಿದಿರಲಿಲ್ಲವೆಂದು ಆ ಸಹೋದರರು ಮುಂದೆ ೧೯೦೮ರಲ್ಲಿ ಬರೆದರು. ಮಕ್ಕಳು ನಿರಾಶರಾಗಿ ಗಾಳಿಪಟದ ಕಡೆಗೆ ತಿರುಗಿದರು.

ನಮ್ಮ ಮೈದಾನದ ಹುಡುಗನಿಗೆ ಆದುದೂ ಇದೇ. ಈ ನಿಯಮವನ್ನು ಸ್ವಲ್ಪ ವಿವರಿಸುವುದು ಅವಶ್ಯ. ಮನೆಯಲ್ಲಿರುವ ಬೆಲ್ಲದ ಅಚ್ಚೊಂದನ್ನು ನೆನೆಯಿರಿ. ಅದರ ಉದ್ದ, ಅಗಲ, ಎತ್ತರ ಮೂರನ್ನೂ ಇಮ್ಮಡಿ ಮಾಡಿದರೆ, ಒಂದೊಂದು ಮುಖದ ಹರವು ನಾಲ್ಕು ಮಡಿಯಾಗುವುದು. ಆದರೆ ಒಳಗಿನ ಬೆಲ್ಲ ಎಂಟು ಮಡಿಯಾಗುವುದು. ವಿಮಾನದಲ್ಲಿಯೂ ಹಾಗೆಯೇ. ಎತ್ತಿಹಿಡಿಯುವ ರೆಕ್ಕೆಯ ಹರವು ನಾಲ್ಕು ಮಡಿ. ಎತ್ತಬೇಕಾದ ತೂಕ ಎಂಟು ಮಡಿ. ಹೀಗೆ ಒಂದೊಂದು ಚದರಡಿ ರೆಕ್ಕೆಯ ಮೇಲೆ ಬೀಳುವ ಭಾರ ಇಮ್ಮಡಿಯಾಗಿ, ಯಂತ್ರ ಮೊದಲಿಗಿಂತ ವೇಗವಾಗಿ ಹೋಗದೆ ನಿಲ್ಲಲಾರದು. ರೆಕ್ಕೆಯ ಕಡ್ಡಿಗಳಿಗೂ ಇದೇ ಸಂಕಟ; ಅವುಗಳ ದಪ್ಪದ ಹರವು ನಾಲ್ಕು ಮಡಿಯಾದರೆ ಅವು ಹೊರಬೇಕಾದುದು ಎಂಟು ಮಡಿ. ಆನೆಯ ಕಾಲು ಇರುವೆಯ ಕಾಲಿನಂತೆ ತೆಳ್ಳಗಿರದೆ ಕಂಬದಂತಿರುವುದಕ್ಕೆ ಕಾರಣವೂ ಇದೇ. ಇಟಲಿಯ ಗೆಲಿಲಿಯೋ ೧೬೩೮ರಷ್ಟು ಹಿಂದೆಯೇ ಈ ಸಂಗತಿಯನ್ನು ಮೂಳೆಗಳ ಉದಾಹರಣೆಯಿಂದ ವಿವರಿಸಿದ್ದನು. ಪುಸ್ತಕದಲ್ಲಿದ್ದ ನಿಯಮವನ್ನು ರೈಟ್ ಮಕ್ಕಳು ಕೈಯಿಂದ ಕಲಿತರು.

ಮಕ್ಕಳು ಕಲಿತ ಈ ಪಾಠ ದೊಡ್ಡವರೊಬ್ಬರಿಗೆ ಎಷ್ಟು ದುಬಾರಿಯಾಯಿತೆಂಬುದನ್ನು ಕೇಳಿರಿ. ಸ್ಯಾಮ್ಯುಯೆಲ್ ಲಾಂಗ್ಲಿ ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯ ಕಾರ್ಯದರ್ಶಿ, ಖಗೋಳಶಾಸ್ತ್ರದಲ್ಲಿ ಹೆಸರಾಂತ ವಿದ್ವಾಂಸ. ಅವರೂ ಪೆನೊವಿನ ರಬ್ಬರು ಮಾದರಿಗಳಿಂದಲೇ ಆರಂಭಿಸಿದರು. ಹಲವು ವರ್ಷಗಳ ಶ್ರಮದ ಮೇಲೆ, ೧೮೯೬ರ ಮೇ ೬ರಂದು, ಪೊಟೊಮ್ಯಾಕ್ ನದಿಯ ದೋಣಿಯೊಂದರ ಮೇಲಿಂದ ಅವರ ಐದನೆಯ ಮಾದರಿ, ಹದಿಮೂರು ಅಡಿಗೂ ಮೀರಿದ ರೆಕ್ಕೆ, ಸುಮಾರು ಇಪ್ಪತ್ತೈದು ಪೌಂಡು ತೂಕ, ಪುಟ್ಟ ಹಬೆಯಂತ್ರ ಇವುಗಳೊಡನೆ ಮೂರು ಸಾವಿರ ಅಡಿಗೂ ಹೆಚ್ಚು ದೂರ ಹಾರಿತು. ಟೆಲಿಫೋನನ್ನು ನಿರ್ಮಿಸಿದ ಗ್ರಹಾಂ ಬೆಲ್ಲರು ದಡದಲ್ಲಿ ನಿಂತು ಅದರ ಛಾಯಾಚಿತ್ರ ತೆಗೆದರು. ಯಂತ್ರಬಲದಿಂದ ಅಷ್ಟು ದೊಡ್ಡ ಮಾದರಿ ಅಷ್ಟು ದೂರ ಹಾರಿದುದು ಅದೇ ಮೊದಲು. ಮಾದರಿಯ ಮಹಿಮೆ ಅಂದು ಶಿಖರಕ್ಕೇರಿತು.

ಅಪಾಯವೂ ಅಲ್ಲಿಂದಲೇ ಮೊದಲಾಯಿತು. ೧೮೯೮ರಲ್ಲಿ ಅಮೆರಿಕದ ಯುದ್ಧ ಇಲಾಖೆ ಮನುಷ್ಯನನ್ನು ಹೊರುವ ಯಂತ್ರಕ್ಕಾಗಿ ಐವತ್ತು ಸಾವಿರ ಡಾಲರು ಕೊಟ್ಟಿತು. ಲಾಂಗ್ಲಿಯವರು ತಮ್ಮ ಮಾದರಿಯ ರೂಪವನ್ನೇ ಹಿಗ್ಗಿಸಿ ನಲವತ್ತೆಂಟು ಅಡಿ ರೆಕ್ಕೆಯ ಯಂತ್ರವನ್ನು ಕಟ್ಟಿಸಿದರು. ಎಂಜಿನ್ನಿನಲ್ಲಿ ಕೊರತೆಯಿರಲಿಲ್ಲ; ಅವರ ಸಹಾಯಕನಾದ ಚಾರ್ಲ್ಸ್ ಮ್ಯಾನ್ಲಿ ಐವತ್ತೆರಡು ಅಶ್ವಶಕ್ತಿಯ ಅತ್ಯುತ್ತಮವಾದ ಎಂಜಿನ್ನನ್ನು ಮಾಡಿಕೊಟ್ಟಿದ್ದನು. ೧೯೦೩ರ ಅಕ್ಟೋಬರ್ ೭ರಂದು ಮ್ಯಾನ್ಲಿ ಅದರಲ್ಲಿ ಕುಳಿತನು. ಯಂತ್ರ ದೋಣಿಯಿಂದ ಚಿಮ್ಮಿ ನೇರವಾಗಿ ನದಿಗೆ ಬಿದ್ದಿತು. ನ್ಯೂಯಾರ್ಕಿನ ಪತ್ರಿಕೆಯೊಂದು, ನಿಜವಾಗಿ ಹಾರುವ ಯಂತ್ರವಾಗಬೇಕಾದರೆ ಹತ್ತು ಲಕ್ಷದಿಂದ ಕೋಟಿ ವರ್ಷ ಹಿಡಿಯಬಹುದೆಂದು ಬರೆಯಿತು. ಡಿಸೆಂಬರ್ ೮ರಂದು ಎರಡನೆಯ ಪ್ರಯತ್ನ. ಈ ಸಲ ಹಿಂದಿನ ರೆಕ್ಕೆಗಳು ಕುಸಿದು ಯಂತ್ರ ಮುರಿದು ಬಿದ್ದಿತು. ಮ್ಯಾನ್ಲಿ ಕೊರೆಯುವ ನೀರಿನಿಂದ ಪ್ರಯಾಸದಿಂದ ಬದುಕಿ ಬಂದನು. ದೋಷವೆಲ್ಲ ಚಿಮ್ಮಿಸುವ ಸಲಕರಣೆಯದೆಂದು ಲಾಂಗ್ಲಿಯವರು ನಂಬಿದ್ದರು. ಆ ಅಳತೆಗೆ ಸಾಲದಷ್ಟು ದುರ್ಬಲವಾದ ಚೌಕಟ್ಟೇ ಮುಖ್ಯ ದೋಷವೆಂದು ಮುಂದಿನ ಎಂಜಿನಿಯರರಲ್ಲಿ ಅನೇಕರು ತೀರ್ಮಾನಿಸಿದ್ದಾರೆ. ಆ ವೃದ್ಧ ವಿದ್ವಾಂಸರು ಅಪಹಾಸ್ಯಕ್ಕೀಡಾಗಿ ೧೯೦೬ರಲ್ಲಿ ತೀರಿಕೊಂಡರು.

ಹಾಗಾದರೆ ಮಾದರಿ ಮೋಸಮಾಡಿತೆ? ಇಲ್ಲವೆಂದು ನಮ್ಮ ಅಭಿಪ್ರಾಯ. ಕೇಳಿದ ಪ್ರಶ್ನೆಗೆ ಮಾದರಿ ಉತ್ತರ ಕೊಡುತ್ತದೆ; ಕೇಳದ ಪ್ರಶ್ನೆಗೆ ಕೊಡಲಾರದು. ಹಾರಾಟ ಸಾಧ್ಯವೇ ಎಂದು ಲಾಂಗ್ಲಿಯವರು ಕೇಳಿದರು. ಸಾಧ್ಯವೆಂದು ಅದು ಹೇಳಿತು. ದೊಡ್ಡದಾದರೂ ನೀನು ಮುರಿಯದಿರುವೆಯಾ, ಗಾಳಿ ಬೀಸಿದರೆ ನಿನ್ನನ್ನು ನಡೆಸುವವನಾರು ಎಂದು ಕೇಳುವುದು ಉಳಿದಿತ್ತು.

ಆ ಪ್ರಶ್ನೆಗಳನ್ನು ಕೇಳಿದವರು ಡೇಟನ್ ನಗರದ ಸೈಕಲ್ ಅಂಗಡಿಯ ಇಬ್ಬರು ಸಹೋದರರು. ಜರ್ಮನಿಯ ಒಟ್ಟೊ ಲಿಲಿಯೆಂತಾಲನು ಗ್ಲೈಡರುಗಳಲ್ಲಿ ಸುಮಾರು ಎರಡು ಸಾವಿರ ಸಲ ಹಾರಿ, ೧೮೯೬ರ ಆಗಸ್ಟಿನಲ್ಲಿ ಬಿದ್ದು ಮಡಿದ ಸುದ್ದಿ ಅವರ ಹಳೆಯ ಆಸೆಯನ್ನು ಕೆದಕಿತು. ೧೯೦೧ರಲ್ಲಿ ಅವರು ಕಟ್ಟಿದ ಗ್ಲೈಡರು ಲೆಕ್ಕದ ಪ್ರಕಾರ ಎತ್ತಬೇಕಾದುದರಲ್ಲಿ ಮೂರನೆಯ ಒಂದು ಪಾಲನ್ನು ಮಾತ್ರ ಎತ್ತಿತು. ಬೇರೆಯವರಾಗಿದ್ದರೆ ಇನ್ನೂ ದೊಡ್ಡ ಗ್ಲೈಡರನ್ನು ಕಟ್ಟುತ್ತಿದ್ದರು. ಇವರು ಚಿಕ್ಕದಕ್ಕೆ ಹಿಂದಿರುಗಿದರು. ಆರಡಿ ಉದ್ದ, ಹದಿನಾರು ಅಂಗುಲ ಚೌಕದ ಮರದ ಪೆಟ್ಟಿಗೆಯೊಂದನ್ನು ಮಾಡಿ, ಒಂದು ಕಡೆಯಿಂದ ಪಂಖದ ಗಾಳಿಯನ್ನು ಬಿಟ್ಟರು. ಅದೇ ಅವರ ಗಾಳಿಸುರಂಗ. ಗರಗಸದ ಅಲಗು, ಸೈಕಲ್ಲಿನ ಕಡ್ಡಿಗಳಿಂದ ತಕ್ಕಡಿಯೊಂದನ್ನು ಮಾಡಿದರು. ಅಂಗೈಯಗಲದ ರೆಕ್ಕೆಗಳನ್ನು ತಗಡಿನಿಂದ ಕತ್ತರಿಸಿ, ಸುಮಾರು ಇನ್ನೂರು ಬಗೆಯ ರೂಪಗಳನ್ನು ಒಂದೊಂದಾಗಿ ಗಾಳಿಗೆ ಹಿಡಿದರು. ಹದಿನೆಂಟನೆಯ ಶತಮಾನದಿಂದ ಎಲ್ಲರೂ ನಂಬಿಕೊಂಡು ಬಂದಿದ್ದ ಗಾಳಿಯ ಒತ್ತಡದ ಅಂಕಿಯೊಂದು ಬಹಳ ಹೆಚ್ಚಾಗಿತ್ತೆಂಬುದು ಅವರಿಗೆ ಖಚಿತವಾಯಿತು. ಹಿರಿಯರು ಬರೆದಿಟ್ಟ ಕೋಷ್ಟಕವನ್ನು ಎರಡು ಅಂಗುಲದ ತಗಡು ತಿದ್ದಿತು.

ಚಿಕ್ಕದರಿಂದ ಕಲಿತುದನ್ನು ಅವರು ಹಾಗೆಯೇ ಹಿಗ್ಗಿಸಲಿಲ್ಲ. ೧೯೦೨ರಲ್ಲಿ ದೊಡ್ಡ ಗ್ಲೈಡರಿನಲ್ಲಿ ನೂರಾರು ಸಲ ತಾವೇ ಮಲಗಿ ಹಾರಿ, ಕುದುರೆಯ ಸವಾರಿಯಂತೆ ಗಾಳಿಯ ಸವಾರಿಯನ್ನು ಅಭ್ಯಾಸಮಾಡಿದರು. ಲಾಂಗ್ಲಿಯವರ ಯಂತ್ರ ಎರಡನೆಯ ಸಲ ಮುಳುಗಿದ ಒಂಬತ್ತನೆಯ ದಿನ, ೧೯೦೩ರ ಡಿಸೆಂಬರ್ ೧೭ರಂದು, ಕಿಟಿ ಹಾಕಿನ ಬಳಿಯ ಮರಳುದಿಬ್ಬದಲ್ಲಿ ಸುಮಾರು ಹನ್ನೆರಡು ಅಶ್ವಶಕ್ತಿಯ ಎಂಜಿನ್ನಿನೊಡನೆ ಆರ್ವಿಲನು ಹನ್ನೆರಡು ಸೆಕೆಂಡು ಹಾರಿದನು. ದೂರ ನೂರ ಇಪ್ಪತ್ತು ಅಡಿ. ಆ ದಿನದ ಕೊನೆಯ ಹಾರಾಟದಲ್ಲಿ ವಿಲ್ಬರನು ಐವತ್ತೊಂಬತ್ತು ಸೆಕೆಂಡು, ಎಂಟುನೂರ ಐವತ್ತೆರಡು ಅಡಿ ಹೋದನು. ಪೆನೊವಿನ ಬೊಂಬೆ ನೂರ ಮೂವತ್ತೊಂದು ಅಡಿ ಹೋಗಿತ್ತೆಂಬುದನ್ನು ಶ್ರೋತೃಗಳು ಮರೆತಿರಲಾರರು. ಮನುಷ್ಯನ ಮೊದಲ ಹಾರಾಟ ಬೊಂಬೆಯ ಹಾರಾಟಕ್ಕಿಂತ ಹನ್ನೊಂದು ಅಡಿ ಕಿರಿದು.

ಇಲ್ಲಿಂದ ಮುಂದೆ ಮಾದರಿ ಆಟದ ಅಂಗಳವನ್ನು ಬಿಟ್ಟು ಶಾಸ್ತ್ರದ ಗರ್ಭಗುಡಿಯನ್ನು ಹೊಕ್ಕಿತು. ಒಂದೊಂದು ಹೊಸ ವಿಮಾನವೂ ಮೊದಲು ಸಣ್ಣ ಮಾದರಿಯಾಗಿ ಗಾಳಿಸುರಂಗದಲ್ಲಿ ಪರೀಕ್ಷೆಗೊಳ್ಳುವುದು ಪದ್ಧತಿಯಾಯಿತು. ಚಿಕ್ಕದಕ್ಕೂ ದೊಡ್ಡದಕ್ಕೂ ಗಾಳಿ ಒಂದೇ ರೀತಿಯಾಗಿ ವರ್ತಿಸುವುದಿಲ್ಲವೆಂಬ ತೊಡಕು ಮಾತ್ರ ಉಳಿದಿತ್ತು. ಇದಕ್ಕೆ ಮ್ಯಾಕ್ಸ್ ಮುಂಕ್ ಎಂಬ ಜರ್ಮನ್ ಪಂಡಿತನು ಅಮೆರಿಕದಲ್ಲಿದ್ದಾಗ ಹೂಡಿದ ಉಪಾಯ ಚಮತ್ಕಾರವಾದುದು. ಮಾದರಿಯನ್ನು ದೊಡ್ಡದು ಮಾಡುವ ಬದಲು ಗಾಳಿಯನ್ನೇ ದಟ್ಟಗೊಳಿಸಬಾರದೇಕೆ? ೧೯೨೦ರ ದಶಕದ ಆರಂಭದಲ್ಲಿ ಕಟ್ಟಿದ ಅವನ ಸುರಂಗ ಒಂದು ಭಾರಿ ಉಕ್ಕಿನ ತೊಟ್ಟಿ. ಅದರಲ್ಲಿ ಗಾಳಿಯನ್ನು ಇಪ್ಪತ್ತು ಮಡಿ ಒತ್ತಡಕ್ಕೆ ತುಂಬಿದರೆ, ಇಪ್ಪತ್ತನೆಯ ಒಂದು ಅಳತೆಯ ಮಾದರಿ ದೊಡ್ಡ ವಿಮಾನದಂತೆಯೇ ನಡೆದುಕೊಳ್ಳುವುದು. ಆ ಸುರಂಗವಿದ್ದ ಪ್ರಯೋಗಶಾಲೆಗೆ ಲಾಂಗ್ಲಿಯವರ ಹೆಸರನ್ನೇ ಇಟ್ಟಿದ್ದರು. ಅವರು ಕೇಳದೆ ಬಿಟ್ಟ ಪ್ರಶ್ನೆಗೆ ಅವರ ಹೆಸರಿನ ಮನೆಯಲ್ಲಿಯೇ ಉತ್ತರ ದೊರೆತುದು ಉಚಿತವಾಗಿದೆ.

ನಮ್ಮ ನಾಡಿಗೂ ಈ ವಿದ್ಯೆ ಬಂದಿತು. ೧೯೪೦ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದರ ಸಾಹಸದಿಂದಲೂ ಮೈಸೂರು ಸರ್ಕಾರದ ಬಂಡವಾಳದಿಂದಲೂ ಬೆಂಗಳೂರಿನಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಸ್ಥಾಪನೆಯಾಯಿತು. ೧೯೪೨ರಲ್ಲಿ ಭಾರತೀಯ ವಿಜ್ಞಾನಮಂದಿರದಲ್ಲಿ ವಿಮಾನಶಾಸ್ತ್ರದ ವಿಭಾಗ ತೆರೆಯಿತು. ಅದನ್ನು ಕಟ್ಟಿದವರಲ್ಲಿ ಮೊದಲಿಗರಾದ ವಿ. ಎಂ. ಘಾಟಗೆಯವರು ಜರ್ಮನಿಯಲ್ಲಿ ವಾಯುಶಾಸ್ತ್ರವನ್ನು ಅಭ್ಯಾಸಮಾಡಿ ಬಂದವರು. ಅವರು ರಚಿಸಿದ ಎಚ್‌ಟಿ-೨ ಎಂಬ ಶಿಕ್ಷಣವಿಮಾನ ೧೯೫೧ರ ಆಗಸ್ಟಿನಲ್ಲಿ ಬೆಂಗಳೂರಿನ ಆಕಾಶಕ್ಕೇರಿತು. ೧೯೬೭ರಲ್ಲಿ ಅದೇ ನಗರದಲ್ಲಿ, ನಾಲ್ಕು ಅಡಿ ಚೌಕದ, ಶಬ್ದಕ್ಕಿಂತ ವೇಗವಾಗಿ ಗಾಳಿಯನ್ನು ಬೀಸಬಲ್ಲ ಸುರಂಗವೊಂದು ಸಿದ್ಧವಾಯಿತು. ನಮ್ಮ ದೇಶದ ಉಪಗ್ರಹಗಳನ್ನು ಹೊತ್ತ ವಾಹನಗಳೂ, ೨೦೦೧ರ ಜನವರಿ ೪ರಂದು ಮೊದಲು ಹಾರಿದ ತೇಜಸ್ ವಿಮಾನವೂ, ಬಾನಿಗೇರುವ ಮುನ್ನ ಕೈಯಲ್ಲೆತ್ತಿಕೊಳ್ಳಬಹುದಾದ ಮಾದರಿಗಳಾಗಿ ಆ ಸುರಂಗದ ಗಾಳಿಯನ್ನು ಎದುರಿಸಿ ಬಂದವುಗಳೇ.

ಹಾರದೆ ಕಪಾಟಿನಲ್ಲಿಡುವ ಮಾದರಿಗಳ ಮೇಲೆ ಪ್ರೀತಿಯಿಟ್ಟವರೂ ಉಂಟು, ಅವರನ್ನು ಮರೆಯಬಾರದು. ಇವರಲ್ಲಿ ಎಪ್ಪತ್ತೆರಡನೆಯ ಒಂದು ಎಂಬ ಅಳತೆ ಬಹಳ ಪ್ರಸಿದ್ಧ. ಇದರ ಗುಟ್ಟು ಸರಳ: ಆರಡಿ ಆಳು ಇದರಲ್ಲಿ ಒಂದು ಅಂಗುಲವಾಗುವನು. ೧೯೩೦ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಮಾರುತ್ತಿದ್ದ ಮರದ ಮಾದರಿಗಳಿಂದ ಈ ಅಳತೆ ಹರಡಿತು. ೧೯೪೨ರಲ್ಲಿ ಅಮೆರಿಕದ ನೌಕಾಸೈನ್ಯ ಶಾಲೆಯ ಮಕ್ಕಳಿಗೆ ಒಂದು ವಿಚಿತ್ರವಾದ ಬೇಡಿಕೆಯನ್ನಿತ್ತಿತು: ಶತ್ರುಗಳ ಮತ್ತು ಮಿತ್ರರ ವಿಮಾನಗಳ ಐದು ಲಕ್ಷ ಮಾದರಿಗಳನ್ನು ಇದೇ ಅಳತೆಯಲ್ಲಿ ಕೆತ್ತಿಕೊಡಬೇಕು. ಅಂಥ ಮಾದರಿಯನ್ನು ಮೂವತ್ತೈದು ಅಡಿ ದೂರದಲ್ಲಿ ತೂಗಹಾಕಿದರೆ, ಸುಮಾರು ಅರ್ಧ ಮೈಲಿಯಾಚೆಯ ನಿಜವಾದ ವಿಮಾನ ಕಾಣುವಷ್ಟೇ ಅದು ಕಾಣುವುದು. ಹಡಗಿನ ಗೋಲಂದಾಜನು ತನ್ನವರ ಮೇಲೆಯೇ ಗುಂಡು ಹಾರಿಸದಿರಲು ಬೇಕಾದ ಕಣ್ಣನ್ನು ಮಕ್ಕಳ ಕೈಗಳು ತಯಾರಿಸಿಕೊಟ್ಟವು.

ಆಟದಿಂದ ಕಲಿತವನು ದೊಡ್ಡವನಾದ ಮೇಲೂ ಕಲಿಕೆಯನ್ನು ಬಿಡದಿದ್ದರೆ ಏನಾಗುವುದೆಂಬುದಕ್ಕೆ ಒಂದು ನಿದರ್ಶನ ಹೇಳುತ್ತೇವೆ. ಮನುಷ್ಯನು ತನ್ನ ಸ್ನಾಯುಬಲದಿಂದಲೇ ಹಾರಿ, ಅರ್ಧ ಮೈಲಿ ಅಂತರದ ಎರಡು ಗುರುತುಗಳನ್ನು ಎಂಟರ ಅಂಕಿಯಂತೆ ಸುತ್ತಿ ಬಂದರೆ ಬಹುಮಾನವೆಂದು ೧೯೫೯ರಲ್ಲಿ ಹೆನ್ರಿ ಕ್ರೆಮರನು ಘೋಷಿಸಿದನು. ಹದಿನೆಂಟು ವರ್ಷ ಯಾರಿಗೂ ಅದು ದಕ್ಕಲಿಲ್ಲ. ಬಾಲ್ಯದಲ್ಲಿ ಮಾದರಿ ವಿಮಾನಗಳ ಸ್ಪರ್ಧೆಗಳಲ್ಲಿ ಗೆದ್ದಿದ್ದ ಅಮೆರಿಕದ ಪಾಲ್ ಮೆಕ್ರೆಡಿಯು ಹುಡುಗತನದ ಲೆಕ್ಕವನ್ನೇ ತಿರುಗಿಸಿ ಹಾಕಿದನು. ರೆಕ್ಕೆಯನ್ನು ದೊಡ್ಡದು ಮಾಡಬೇಕು, ತೂಕವನ್ನು ಮಾತ್ರ ಬೆಳೆಯಗೊಡಬಾರದು. ತೊಂಬತ್ತಾರು ಅಡಿ ರೆಕ್ಕೆ, ಸುಮಾರು ಎಪ್ಪತ್ತು ಪೌಂಡು ತೂಕದ ಅವನ ಯಂತ್ರ ಒಂದು ಮಹಾ ಆಟಿಕೆಯಂತೆಯೇ ಇತ್ತು. ೧೯೭೭ರ ಆಗಸ್ಟ್ ೨೩ರಂದು ಬ್ರಯನ್ ಆಲನ್ ಎಂಬ ಸೈಕಲ್ ಸವಾರನು ಅದನ್ನು ತುಳಿದು ಬಹುಮಾನವನ್ನು ಗೆದ್ದನು. ಎರಡು ವರ್ಷಗಳ ಮೇಲೆ ಅಂಥದೇ ಇನ್ನೊಂದು ಯಂತ್ರದಲ್ಲಿ ಇಂಗ್ಲಿಷ್ ಕಡಲ್ಗಾಲುವೆಯನ್ನೇ ದಾಟಿದನು.

ಕೊನೆಯದಾಗಿ ಒಂದು ಮಾತು. ೨೦೨೧ರ ಏಪ್ರಿಲ್ ೧೯ರಂದು ಮಂಗಳಗ್ರಹದ ನೆಲದಿಂದ ನಾಲ್ಕು ಪೌಂಡು ತೂಕದ ಒಂದು ಪುಟ್ಟ ಹೆಲಿಕಾಪ್ಟರು ಹತ್ತು ಅಡಿ ಮೇಲೆದ್ದು ಮೂವತ್ತೊಂಬತ್ತು ಸೆಕೆಂಡುಗಳಲ್ಲಿ ಇಳಿಯಿತು. ಬೇರೊಂದು ಗ್ರಹದಲ್ಲಿ ನಡೆದ ಮೊದಲ ಯಂತ್ರಹಾರಾಟವದು. ಅಲ್ಲಿಯ ಗಾಳಿ ನಮ್ಮ ಗಾಳಿಯ ನೂರನೆಯ ಒಂದು ಪಾಲಿನಷ್ಟು ತೆಳು. ಆದುದರಿಂದ ಮುಂಕನು ಗಾಳಿಯನ್ನು ದಟ್ಟಗೊಳಿಸಿದಂತೆ, 1ಇದರ ನಿರ್ಮಾಪಕರು ಕೊಠಡಿಯೊಂದರ ಗಾಳಿಯನ್ನು ಬರಿದುಮಾಡಿ ಮುಂಚಿತವಾಗಿ ಪರೀಕ್ಷಿಸಿದ್ದರು. ಐದು ಹಾರಾಟಗಳಿಗೆಂದು ಕಳುಹಿಸಿದ ಆ ಯಂತ್ರ ೨೦೨೪ರ ಜನವರಿಯವರೆಗೆ ಎಪ್ಪತ್ತೆರಡು ಸಲ ಹಾರಿತು. ಅದರ ರೂಪವೇನು? ಒಂದೇ ಕಂಬದಲ್ಲಿ ಒಂದಕ್ಕೊಂದು ವಿರುದ್ಧವಾಗಿ ತಿರುಗುವ ಎರಡು ಪಂಖಗಳು. ಎಂದರೆ ೧೭೮೪ರ ಗರಿಯ ಬೊಂಬೆ; ೧೮೭೮ರ ಬಾವಲಿ. ರೈಟ್ ಸಹೋದರರ ೧೯೦೩ರ ವಿಮಾನದ ರೆಕ್ಕೆಯಿಂದ ತೆಗೆದ ಅಂಚೆಚೀಟಿಯಷ್ಟು ಬಟ್ಟೆಯನ್ನೂ ಅದರೊಳಗೆ ಕಟ್ಟಿ ಕಳುಹಿಸಿದ್ದರು.

ಆ ಹಿರಿಯರ ಪ್ರಶ್ನೆಗೆ ನಮ್ಮ ಉತ್ತರ ಇಷ್ಟೆ. ಆಡುವವರೆಲ್ಲರೂ ರೈಟರಾಗುವುದಿಲ್ಲ, ಆಗಬೇಕಾದುದೂ ಇಲ್ಲ. ಹುಡುಗನು ಪರೀಕ್ಷೆಗೂ ಓದಲಿ; ತಾತನವರ ಕಳವಳ ಸಹಜವಾದುದು. ಆದರೆ ಹಾರದೆ ಬಿದ್ದ ಬೊಂಬೆಯನ್ನು ಕೈಯಲ್ಲಿ ಹಿಡಿದು ಅದು ಏಕೆ ಬಿದ್ದಿತೆಂದು ಯೋಚಿಸುತ್ತಿರುವ ಹುಡುಗನೂ ಒಂದು ಪರೀಕ್ಷೆಯನ್ನೇ ಬರೆಯುತ್ತಿದ್ದಾನೆ. ಅಲ್ಲಿ ಪ್ರಶ್ನೆಯನ್ನು ಹಾಕುವವನೂ ಅವನೇ, ಉತ್ತರವನ್ನು ತಿದ್ದುವುದು ಗಾಳಿ. ಗಾಳಿಗೆ ದಾಕ್ಷಿಣ್ಯವಿಲ್ಲ.

ಮುಂದಿನ ಭಾನುವಾರ ನಾವು ಅವನಿಗೆ ಬೆಲ್ಲದ ಅಚ್ಚಿನ ಲೆಕ್ಕವನ್ನು ಹೇಳಿಕೊಟ್ಟೆವು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಕಡ್ಡಿಗಳನ್ನು ಟೊಳ್ಳುಮಾಡಿದರೆ ಆಗುವುದೇ, ಸಾರ್?” ಎಂದು ಕೇಳಿದನು. ತಾತನವರೂ ಅಂದು ಮೈದಾನಕ್ಕೆ ಬಂದಿದ್ದರು. ಮೊಮ್ಮಗನನ್ನು ಕರೆದೊಯ್ಯಲು ಬಂದವರು, ಅವನು ರಬ್ಬರನ್ನು ಹುರಿಮಾಡುವಾಗ ವಿಮಾನದ ಬಾಲವನ್ನು ಹಿಡಿದುಕೊಂಡು ನಿಂತಿದ್ದರು.